ಒಳಗಿನಿಂದ ಹಾಕಿದ ಚಿಲಕ: ಸಸ್ತನಿಗಳ ಅಂಡಾಣು ಮಾಗುವಲ್ಲಿ ಪ್ರೋಟೀನ್ ಸಂಕೇತಗಳ ಪಾತ್ರ

ಅಂಡಾಶಯದಲ್ಲಿ ಬಲಿತ ಫಾಲಿಕಲ್ ಎಂದರೆ ದ್ರವ ತುಂಬಿಕೊಂಡ ಸಣ್ಣ ಗುಳ್ಳೆ. ಮೊಲದ ಅಂತಹ ಗುಳ್ಳೆಯಿಂದ ಅಂಡಾಣುವನ್ನು ಹೊರತೆಗೆದು, ಪೋಷಕ ದ್ರವವಿರುವ ಗಾಜಿನ ತಟ್ಟೆಯಲ್ಲಿ ಇರಿಸಿದರೆ ಏನಾದೀತು? 1935ರಲ್ಲಿ ಗ್ರೆಗರಿ ಪಿಂಕಸ್ ಮತ್ತು ಎನ್‌ಝ್‌ಮನ್ ಹೀಗೆ ಮಾಡಿ ನೋಡಿದರು. ಅಂಡಾಶಯವನ್ನು ಎಚ್ಚರಿಸುವುದು ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಎಂಬುದು ಅಷ್ಟು ಹೊತ್ತಿಗೆ ಗೊತ್ತಿತ್ತು. ತಟ್ಟೆಯಲ್ಲಿ ಆ ಹಾರ್ಮೋನು ಇರಲಿಲ್ಲ. ಆದರೂ ಅಂಡಾಣು ಸುಮ್ಮನೆ ಕೂರಲಿಲ್ಲ. ಅದರ ಕೋಶಕೇಂದ್ರದ ಪೊರೆ ಕರಗಿತು, ವರ್ಣತಂತುಗಳು ಗಟ್ಟಿಯಾಗಿ ಮೈದಳೆದವು, ನಿಂತುಹೋಗಿದ್ದ ವಿಭಜನೆ ತಾನೇ ತಾನಾಗಿ ಮುಂದುವರಿಯಿತು. ಫಾಲಿಕಲ್‌ನ ಒಳಗಿರುವಷ್ಟು ಕಾಲ ಅಂಡಾಣುವನ್ನು ಯಾವುದೋ ವಸ್ತು ಹಿಡಿದಿಟ್ಟಿರಬೇಕು, ಹೊರಬಂದದ್ದೇ ಆ ಹಿಡಿತ ತಪ್ಪಿರಬೇಕು ಎಂದು ಅವರು ಊಹಿಸಿದರು. ಮುಂದೆ ಗರ್ಭನಿರೋಧಕ ಗುಳಿಗೆಯ ಜನಕರಲ್ಲಿ ಒಬ್ಬನೆಂದು ಹೆಸರಾದವನು ಇದೇ ಪಿಂಕಸ್. ಗುಳಿಗೆಯ ಖ್ಯಾತಿಯಲ್ಲಿ ಈ ಹಳೆಯ ಪ್ರಯೋಗ ಮರೆಯಾದದ್ದು ಅನ್ಯಾಯವೆಂದೇ ನನಗೆ ತೋರುತ್ತದೆ.

ಸಂಕೇತ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವ ಚಿತ್ರ ಅಪ್ಪಣೆಯದು: ಮೇಲಿನಿಂದ ಹುಕುಂ ಬಂತು, ಕೆಳಗೆ ಕೆಲಸ ಶುರುವಾಯಿತು. ನಮ್ಮ ಪಠ್ಯಪುಸ್ತಕಗಳು ಅಂಡಾಣುವಿನ ಕಥೆಯನ್ನು ಈಗಲೂ ಹೀಗೆಯೇ ಹೇಳುತ್ತವೆ. ಮೆದುಳಿನ ಬುಡದಿಂದ ಎಲ್‌ಎಚ್ ಹಾರ್ಮೋನು ಉಕ್ಕುತ್ತದೆ, ಅಂಡಾಣು ಮಾಗಿ ಹೊರಬೀಳುತ್ತದೆ, ಕಥೆ ಮುಗಿಯಿತು. ಕಳೆದ ಐವತ್ತು ವರ್ಷಗಳ ಸಂಶೋಧನೆ ಈ ಚಿತ್ರವನ್ನು ಬಹುಮಟ್ಟಿಗೆ ತಲೆಕೆಳಗು ಮಾಡಿದೆ. ಸಸ್ತನಿಗಳಲ್ಲಿ ಅಂಡಾಣುವನ್ನು ಮಾಗಿಸುವ ನಿರ್ಣಾಯಕ ಘಟನೆ ಒಂದು ತಡೆಯ ಸಡಿಲಿಕೆ. ಆ ತಡೆಯನ್ನು ಕಟ್ಟುವುದರಲ್ಲಿ ಅಂಡಾಣುವಿನದೇ ದೊಡ್ಡ ಪಾಲಿದೆ. ಬಾಗಿಲಿನ ಚಿಲಕವನ್ನು ಅದು ಒಳಗಿನಿಂದಲೇ ಹಾಕಿಕೊಂಡಿರುತ್ತದೆ. ಈ ಮಾತನ್ನು ಸಾಧಿಸಿ ತೋರಿಸುವುದು, ಬಂಜೆತನದ ಚಿಕಿತ್ಸೆಗೂ ಕುರಿ ಸಾಕಣೆಗೂ ಇದರಿಂದ ಏನಾಗುತ್ತದೆಂದು ಹೇಳುವುದು ಈ ಲೇಖನದ ಉದ್ದೇಶ.

ದಶಕಗಳ ನಿಲುಗಡೆ

ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಇಪ್ಪತ್ತು ವಾರ ತುಂಬುವ ಹೊತ್ತಿಗೆ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣು ಜೀವಕೋಶಗಳಿರುತ್ತವೆ. ಹುಟ್ಟುವಾಗ ಉಳಿಯುವುದು 10ರಿಂದ 20 ಲಕ್ಷ, ಮೈನೆರೆಯುವಾಗ ಮೂರು-ನಾಲ್ಕು ಲಕ್ಷ. ಇಡೀ ಬದುಕಿನಲ್ಲಿ ಅಂಡಾಶಯದಿಂದ ಹೊರಬೀಳುವುದು ಸುಮಾರು ನಾನೂರು. ಉಳಿದವೆಲ್ಲ ಅಲ್ಲಲ್ಲೇ ಕರಗಿಹೋಗುತ್ತವೆ. ಈ ಲೆಕ್ಕ ಓದುಗರಿಗೆ ಪರಿಚಿತವೇ. ಅಷ್ಟಾಗಿ ಪರಿಚಿತವಲ್ಲದ ಸಂಗತಿಯೆಂದರೆ, ಇವೆಲ್ಲವೂ ಮಿಯಾಸಿಸ್ ವಿಭಜನೆಯನ್ನು ಭ್ರೂಣಾವಸ್ಥೆಯಲ್ಲೇ ಆರಂಭಿಸಿ, ಅರ್ಧಕ್ಕೆ ನಿಲ್ಲಿಸಿರುತ್ತವೆ. ತಾಯಿಯಿಂದ ಬಂದ ವರ್ಣತಂತು ತಂದೆಯಿಂದ ಬಂದ ವರ್ಣತಂತುವಿನ ಜೊತೆ ಜೋಡಿಯಾಗಿ, ತುಣುಕುಗಳನ್ನು ವಿನಿಮಯ ಮಾಡಿಕೊಂಡು, ಇನ್ನೇನು ಬೇರ್ಪಡಬೇಕು ಎನ್ನುವ ಡಿಪ್ಲೋಟೀನ್ ಹಂತದಲ್ಲಿ ಗಡಿಯಾರ ನಿಲ್ಲುತ್ತದೆ. ಹದಿನೈದನೆಯ ವಯಸ್ಸಿನಲ್ಲಿ ಹೊರಬೀಳುವ ಅಂಡಾಣು ಹದಿನೈದು ವರ್ಷ ಹೀಗೆ ನಿಂತಿರುತ್ತದೆ, ನಲವತ್ತೈದರಲ್ಲಿ ಹೊರಬೀಳುವುದು ನಲವತ್ತೈದು ವರ್ಷ.

ನಿಂತ ಅಂಡಾಣುವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದು ಸುಲಭ. ಸುಮಾರು 120 ಮೈಕ್ರಾನ್ ಅಗಲದ ಮಾನವ ಅಂಡಾಣುವಿನೊಳಗೆ ತಿಳಿಯಾದ ದೊಡ್ಡ ಕೋಶಕೇಂದ್ರ, ಅದರ ನಡುವೆ ಕಪ್ಪುಚುಕ್ಕೆಯಂತಹ ನ್ಯೂಕ್ಲಿಯೋಲಸ್. ಇದಕ್ಕೆ ಜರ್ಮಿನಲ್ ವೆಸಿಕಲ್ ಎಂದು ಹೆಸರು. ಪ್ರಯೋಗಾಲಯಗಳಲ್ಲಿ ಎಲ್ಲರೂ ‘ಜಿವಿ’ ಎಂದೇ ಕರೆಯುತ್ತಾರೆ. ಈ ಗುಳ್ಳೆಯ ಪೊರೆ ಕರಗಿ ಕಾಣದಾಯಿತೆಂದರೆ ಅಂಡಾಣು ಎಚ್ಚರಗೊಂಡಿತು ಎಂದರ್ಥ.

ಹಿಡಿದಿಡುವವರು ಯಾರು?

ಪಿಂಕಸ್ ಊಹಿಸಿದ ತಡೆಯ ಮೊದಲ ಸುಳಿವು ಸಿಕ್ಕದ್ದು ನಲವತ್ತು ವರ್ಷಗಳ ಮೇಲೆ. 1974ರಲ್ಲಿ ಚೋ, ಸ್ಟರ್ನ್, ಬಿಗ್ಗರ್ಸ್ ಎಂಬವರು ಇಲಿಯ ಅಂಡಾಣುಗಳಿದ್ದ ತಟ್ಟೆಗೆ ಸೈಕ್ಲಿಕ್ ಎಎಂಪಿಯ ಒಂದು ರೂಪವನ್ನು ಸೇರಿಸಿದಾಗ ಅವು ತಾವಾಗಿ ಮಾಗುವುದು ನಿಂತಿತು. ತೊಳೆದು ತೆಗೆದರೆ ಮತ್ತೆ ಮಾಗತೊಡಗಿದವು. ಜೀವಕೋಶದ ಒಳಗೆ ಸುದ್ದಿ ಮುಟ್ಟಿಸುವ ಈ ಪುಟ್ಟ ಅಣು ಹೆಚ್ಚಿರುವಷ್ಟು ಕಾಲ ಅಂಡಾಣು ನಿದ್ರಿಸುತ್ತದೆ, ಇಳಿದರೆ ಏಳುತ್ತದೆ.

ಇದರ ಯಂತ್ರಗತಿ ಈಗ ಚೆನ್ನಾಗಿ ಗೊತ್ತಿದೆ. ಸೈಕ್ಲಿಕ್ ಎಎಂಪಿ ಹೆಚ್ಚಿದ್ದಾಗ ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವ ಚುರುಕಾಗಿರುತ್ತದೆ. ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಗುಂಪನ್ನು ಅಂಟಿಸುವುದು ಅದರ ಕಸುಬು. ಅಂಡಾಣುವಿನಲ್ಲಿ ಅದು ಇಬ್ಬರನ್ನು ಹಿಡಿಯುತ್ತದೆ: ವೀ1ಬಿ ಎಂಬ ಕೈನೇಸನ್ನು ಚುರುಕುಗೊಳಿಸುತ್ತದೆ, ಸಿಡಿಸಿ25ಬಿ ಎಂಬ ಫಾಸ್ಫಟೇಸನ್ನು ಕಟ್ಟಿಹಾಕುತ್ತದೆ. ಈ ಇಬ್ಬರ ಜಗಳವೆಲ್ಲ ಸಿಡಿಕೆ1 ಎಂಬ ಮೂರನೆಯದರ ಮೇಲೆ. ಸಿಡಿಕೆ1 ಕೋಶವಿಭಜನೆಯ ಮುಖ್ಯ ಯಂತ್ರ. ಸೈಕ್ಲಿನ್-ಬಿ ಜೊತೆಗೂಡಿದರೆ ಕೋಶಕೇಂದ್ರದ ಪೊರೆಯನ್ನು ಒಡೆಯಬಲ್ಲದು. ವೀ1ಬಿ ಅದರ ಮೇಲೆ ಫಾಸ್ಫೇಟ್ ಇಟ್ಟು ಬಾಯಿಕಟ್ಟುತ್ತದೆ, ಸಿಡಿಸಿ25ಬಿ ಆ ಫಾಸ್ಫೇಟನ್ನು ಕಿತ್ತು ಬಿಡಿಸುತ್ತದೆ. ಯಂತ್ರವೇನೋ ಜೋಡಿಸಿಟ್ಟು ಸಿದ್ಧವಾಗಿಯೇ ಇರುತ್ತದೆ. ಇಡೀ ಪ್ರಶ್ನೆ ಅದರ ಮೇಲಿನ ಎರಡು ಫಾಸ್ಫೇಟ್‌ಗಳದ್ದು.

ಹಾಗಾದರೆ ಸೈಕ್ಲಿಕ್ ಎಎಂಪಿ ಎಲ್ಲಿಂದ ಬರುತ್ತದೆ? ಸುತ್ತಲಿನ ಫಾಲಿಕಲ್ ಕೋಶಗಳು ಅದನ್ನು ತಯಾರಿಸಿ ಅಂಡಾಣುವಿಗೆ ದಾಟಿಸುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಪಿಂಕಸ್‌ನ ಪ್ರಯೋಗವನ್ನು ವಿವರಿಸಲು ಅದು ಸಾಕಾಗಿತ್ತು ಕೂಡ. 2004ರಲ್ಲಿ ಲೀಸಾ ಮೆಲ್‌ಮನ್, ಲೌರಿಂಡಾ ಜೆಫಿ ಮತ್ತು ಸಂಗಡಿಗರು ಅದಕ್ಕೆ ತಿದ್ದುಪಡಿ ತಂದರು. ಅಂಡಾಣುವಿನ ಮೇಲ್ಪೊರೆಯಲ್ಲೇ ಜಿಪಿಆರ್3 ಎಂಬ ಗ್ರಾಹಕ ಪ್ರೋಟೀನ್ ಇದೆ. ಹೊರಗಿನ ಹಾರ್ಮೋನಿಗಾಗಿ ಕಾಯದೆ ಸದಾ ಚುರುಕಾಗಿರುವುದು ಇದರ ವಿಶೇಷ. ಅದು ಜಿ-ಎಸ್ ಪ್ರೋಟೀನನ್ನು ಎಬ್ಬಿಸುತ್ತದೆ, ಜಿ-ಎಸ್ ಅಡಿನೈಲೈಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಸೈಕ್ಲಿಕ್ ಎಎಂಪಿ ಒಳಗೇ ಸುರಿಯುತ್ತಿರುತ್ತದೆ. ಈ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ಫಾಲಿಕಲ್‌ನ ಒಳಗಿರುವಾಗಲೇ, ಎಲ್‌ಎಚ್ ಬರುವ ಮೊದಲೇ, ಬಹುಪಾಲು ಅಂಡಾಣುಗಳು ವಿಭಜನೆಗೆ ಇಳಿದುಬಿಟ್ಟಿದ್ದವು. ತಡೆಯ ಮೂಲ ದ್ರವ್ಯವನ್ನು ಅಂಡಾಣು ತಾನೇ ತಯಾರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಇಲ್ಲೊಂದು ತೊಡಕು ಏಳುತ್ತದೆ. ಸೈಕ್ಲಿಕ್ ಎಎಂಪಿಯನ್ನು ಅಂಡಾಣುವೇ ತಯಾರಿಸುವುದಾದರೆ ತಟ್ಟೆಗೆ ಬಂದ ಕೂಡಲೇ ಅದು ಎಚ್ಚರಗೊಳ್ಳುವುದೇಕೆ? ಗ್ರಾಹಕ ಅಲ್ಲೂ ಅದರ ಮೈಮೇಲೆಯೇ ಇದೆಯಲ್ಲ.

ನೆರೆಮನೆಯಿಂದ ಬರುವ ಎರವಲು

ಉತ್ತರ ಇನ್ನೊಂದು ಪ್ರೋಟೀನಿನಲ್ಲಿದೆ. ಅಂಡಾಣುವಿನಲ್ಲಿ ಪಿಡಿಇ3ಎ ಎಂಬ ಕಿಣ್ವವಿದೆ. ಸೈಕ್ಲಿಕ್ ಎಎಂಪಿಯನ್ನು ಒಡೆದುಹಾಕುವುದು ಅದರ ಕೆಲಸ. ಜಿಪಿಆರ್3 ತುಂಬುತ್ತಿದ್ದಂತೆ ಪಿಡಿಇ3ಎ ಬರಿದು ಮಾಡುತ್ತಿರುತ್ತದೆ. ಬರಿದು ಮಾಡುವವನ ಕೈಕಟ್ಟಿದರೆ ಮಾತ್ರ ಮಟ್ಟ ನಿಂತೀತು. ಕೈಕಟ್ಟುವ ವಸ್ತು ಸೈಕ್ಲಿಕ್ ಜಿಎಂಪಿ, ಮತ್ತು ಇದು ನಿಜಕ್ಕೂ ಹೊರಗಿನಿಂದ ಬರುತ್ತದೆ. ಅಂಡಾಣುವನ್ನು ಸುತ್ತಿಕೊಂಡ ಕ್ಯುಮುಲಸ್ ಕೋಶಗಳು ದಪ್ಪ ಹೊದಿಕೆಯನ್ನು ತೂರಿಕೊಂಡು ಸಣ್ಣ ಸಣ್ಣ ಕೈಗಳನ್ನು ಚಾಚಿ ಅಂಡಾಣುವನ್ನು ಮುಟ್ಟಿರುತ್ತವೆ. ಮುಟ್ಟಿದಲ್ಲಿ ಕನೆಕ್ಸಿನ್-37 ಎಂಬ ಪ್ರೋಟೀನಿನ ಕಿಂಡಿಗಳಿವೆ. ಸೈಕ್ಲಿಕ್ ಜಿಎಂಪಿ ಆ ಕಿಂಡಿಗಳಿಂದ ಒಳಗೆ ಬಂದು ಪಿಡಿಇ3ಎಯನ್ನು ತಡೆಯುತ್ತದೆ. ಅಂಡಾಣುವನ್ನು ಕಿತ್ತು ತಟ್ಟೆಗೆ ಹಾಕಿದಾಗ ಕಿಂಡಿಯ ಆಚೆಗಿನ ಪೂರೈಕೆ ಕಡಿಯುತ್ತದೆ, ಪಿಡಿಇ3ಎ ಬಿಡುಗಡೆಯಾಗುತ್ತದೆ, ಸೈಕ್ಲಿಕ್ ಎಎಂಪಿ ಕುಸಿಯುತ್ತದೆ. ಪಿಂಕಸ್ ಕಂಡದ್ದು ಇದನ್ನೇ. ಪಿಡಿಇ3ಎ ಇಲ್ಲದ ಇಲಿಗಳಲ್ಲಿ ಅಂಡಾಣುಗಳು ಎಂದಿನಂತೆ ಅಂಡಾಶಯದಿಂದ ಹೊರಬೀಳುತ್ತವೆ. ಆದರೆ ಎಲ್ಲವೂ ಜಿವಿ ಹಂತದಲ್ಲೇ ಇರುತ್ತವೆ, ಇಲಿಗಳು ಬಂಜೆ. ಬಿಡುಗಡೆಗೆ ಈ ಒಂದು ಕಿಣ್ವ ಎಷ್ಟು ಅನಿವಾರ್ಯ ಎಂಬುದು ಅದರಿಂದ ತಿಳಿಯಿತು.

ಕ್ಯುಮುಲಸ್ ಕೋಶಗಳಾದರೂ ಸೈಕ್ಲಿಕ್ ಜಿಎಂಪಿಯನ್ನು ಸುಮ್ಮನೆ ತಯಾರಿಸುವುದಿಲ್ಲ. 2010ರಲ್ಲಿ ಝಾಂಗ್, ಎಪ್ಪಿಗ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದಂತೆ, ಫಾಲಿಕಲ್‌ನ ಗೋಡೆಗೆ ಅಂಟಿದ ಗ್ರಾನ್ಯುಲೋಸಾ ಕೋಶಗಳು ಸಿಎನ್‌ಪಿ ಎಂಬ ಸಣ್ಣ ಪೆಪ್ಟೈಡನ್ನು ಸ್ರವಿಸುತ್ತವೆ. ಕ್ಯುಮುಲಸ್ ಕೋಶಗಳ ಮೇಲಿನ ಎನ್‌ಪಿಆರ್2 ಗ್ರಾಹಕ ಅದನ್ನು ಹಿಡಿದು ಸೈಕ್ಲಿಕ್ ಜಿಎಂಪಿ ತಯಾರಿಸುತ್ತದೆ. ನನ್ನ ದೃಷ್ಟಿಯಲ್ಲಿ ಆ ಪ್ರಬಂಧದ ತಿರುಳು ಇದರ ಮುಂದಿನ ಹೆಜ್ಜೆಯಲ್ಲಿದೆ. ಕ್ಯುಮುಲಸ್ ಕೋಶಗಳು ಎನ್‌ಪಿಆರ್2 ಗ್ರಾಹಕವನ್ನು ಧಾರಾಳವಾಗಿ ಬೆಳೆಸಿಕೊಳ್ಳುವುದು ಅಂಡಾಣು ಹೇಳಿದ್ದಕ್ಕೆ. ಅಂಡಾಣು ಸ್ರವಿಸುವ ಜಿಡಿಎಫ್9, ಬಿಎಂಪಿ15, ಎಫ್‌ಜಿಎಫ್8 ಪ್ರೋಟೀನುಗಳು ನೆರೆಯ ಕೋಶಗಳಿಗೆ ಈ ಗ್ರಾಹಕವನ್ನು ಕಟ್ಟಿಕೊಳ್ಳಿ ಎಂದು ಸೂಚಿಸುತ್ತವೆ. ಸೈಕ್ಲಿಕ್ ಎಎಂಪಿ ತನ್ನದು. ಅದನ್ನು ಉಳಿಸುವ ಸೈಕ್ಲಿಕ್ ಜಿಎಂಪಿ ನೆರೆಮನೆಯದಾದರೂ ನೆರೆಮನೆಗೆ ಒಲೆ ಹೂಡಿಕೊಟ್ಟದ್ದು ಅಂಡಾಣುವೇ. ಅಂಡಾಣುವನ್ನು ಜಡ ವಸ್ತುವೆಂದೂ ವೀರ್ಯಾಣುವನ್ನು ಕ್ರಿಯಾಶೀಲ ವೀರನೆಂದೂ ಬಣ್ಣಿಸುವ ಹಳೆಯ ರೂಢಿಗೆ ಇಲ್ಲಿ ಜಾಗವಿಲ್ಲ.

ತೂಬು ತೆರೆದ ಮೇಲೆ

ಎಲ್‌ಎಚ್ ಹಾರ್ಮೋನಿನ ಸರದಿ ಈಗ. ಎಲ್‌ಎಚ್ ಸೇರಿದ ಗೊನಡೋಟ್ರೋಪಿನ್ ಹಾರ್ಮೋನುಗಳ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿ, ಪ್ರಾಣಿಗಳಲ್ಲಿ ಆ ಹಾರ್ಮೋನನ್ನು ಬೇಕೆಂದಾಗ ಕತ್ತರಿಸಿ ಅದರ ಪಾತ್ರವನ್ನು ಅರಿಯುವ ವಿಧಾನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಆರ್. ಮೌದ್ಗಲ್ ಮತ್ತು ಅವರ ಶಿಷ್ಯರ ಕೆಲಸ ಜಗತ್ತಿಗೆ ಪರಿಚಿತ. ಎಲ್‌ಎಚ್ ಇಲ್ಲದೆ ಅಂಡೋತ್ಸರ್ಗವಿಲ್ಲ ಎಂಬುದರಲ್ಲಿ ಸಂಶಯವಿಲ್ಲ. ಸಂಶಯವಿದ್ದದ್ದು, ಎಲ್‌ಎಚ್ ಹೇಳಿದ್ದು ಅಂಡಾಣುವಿಗೆ ಹೇಗೆ ಕೇಳಿಸುತ್ತದೆ ಎಂಬಲ್ಲಿ. ಏಕೆಂದರೆ ಅಂಡಾಣುವಿನ ಮೇಲೆ ಎಲ್‌ಎಚ್ ಗ್ರಾಹಕಗಳು ಇಲ್ಲವೆನ್ನುವಷ್ಟು ಕಡಿಮೆ, ಕ್ಯುಮುಲಸ್ ಕೋಶಗಳದ್ದೂ ಅದೇ ಕಥೆ. ಗ್ರಾಹಕಗಳಿರುವುದು ಫಾಲಿಕಲ್‌ನ ಹೊರಗೋಡೆಯ ಕೋಶಗಳಲ್ಲಿ. ಗೋಡೆಯ ಆಚೆ ಬಡಿದದ್ದು ನಡುಮನೆಯಲ್ಲಿ ಮಲಗಿದವರಿಗೆ ಮುಟ್ಟಬೇಕು.

2015ರಲ್ಲಿ ಜೆಫಿಯವರ ಗುಂಪಿನ ಶುಹೈಬರ್ ಮತ್ತಿತರರು ಇದನ್ನು ಕಣ್ಣಾರೆ ನೋಡಲು ದಾರಿ ಮಾಡಿದರು. ಸೈಕ್ಲಿಕ್ ಜಿಎಂಪಿ ಅಂಟಿದರೆ ಹೊಳಪು ಬದಲಿಸುವ ಪ್ರೋಟೀನನ್ನು ಮೈಯೆಲ್ಲ ಹೊತ್ತ ಇಲಿಗಳನ್ನು ಅವರು ಬೆಳೆಸಿದರು. ಜೀವಂತ ಫಾಲಿಕಲನ್ನು ಸೂಕ್ಷ್ಮದರ್ಶಕದಡಿ ಇಟ್ಟು ಎಲ್‌ಎಚ್ ಹಾಯಿಸಿದಾಗ, ಒಂದು ನಿಮಿಷದೊಳಗೆ ಹೊರಗೋಡೆಯ ಕೋಶಗಳಲ್ಲಿ ಸೈಕ್ಲಿಕ್ ಜಿಎಂಪಿ ಇಳಿಯತೊಡಗಿತು. ಅನಂತರ ಒಳಗಿನ ಕೋಶಗಳಲ್ಲಿ, ಆಮೇಲೆ ಅಂಡಾಣುವಿನಲ್ಲಿ. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಫಾಲಿಕಲ್‌ನ ಉದ್ದಗಲಕ್ಕೂ ಅದರ ಮಟ್ಟ 2ರಿಂದ 4 ಮೈಕ್ರೋಮೋಲಾರ್‌ನಿಂದ 100 ನ್ಯಾನೋಮೋಲಾರ್‌ನ ಆಸುಪಾಸಿಗೆ ಕುಸಿದಿತ್ತು. ಕೆರೆಯ ತೂಬು ತೆರೆದಾಗ ನಡೆಯುವುದು ಇದೇ. ತೂಬಿರುವುದು ಏರಿಯ ಬುಡದಲ್ಲಿ, ಆದರೂ ದೂರದ ಅಂಗಳದ ನೀರು ಅತ್ತ ಹರಿದುಹೋಗುತ್ತದೆ. ಅಂಡಾಣುವಿಗೆ ತಡೆಯನ್ನು ತಂದುಕೊಡುತ್ತಿದ್ದ ಕಿಂಡಿಗಳೇ ಈಗ ತಡೆಯನ್ನು ಬಸಿದುಕೊಳ್ಳುತ್ತವೆ. ಎಲ್‌ಎಚ್ ಕಡೆಯಿಂದ ಅಂಡಾಣುವಿನೊಳಕ್ಕೆ ಹೋದದ್ದು ಏನೂ ಇಲ್ಲ. ಅಲ್ಲಿಂದ ಹೊರಬಂದದ್ದೇ ಸುದ್ದಿ.

ತೂಬು ತೆರೆಯುವ ಬಗೆಯೂ ಕುತೂಹಲಕರ. ಎನ್‌ಪಿಆರ್2 ಗ್ರಾಹಕದ ಮೇಲೆ ಫಾಸ್ಫೇಟ್‌ಗಳು ಇದ್ದರೆ ಮಾತ್ರ ಅದು ದುಡಿಯುತ್ತದೆ. ಎಲ್‌ಎಚ್ ಬಂದ ಕೆಲವೇ ನಿಮಿಷಗಳಲ್ಲಿ ಆ ಫಾಸ್ಫೇಟ್‌ಗಳು ಕಳಚಿಬೀಳುತ್ತವೆ. ಇದು ತುರ್ತು ಕ್ರಮ. ಗಂಟೆಗಳ ಲೆಕ್ಕದಲ್ಲಿ ಇನ್ನೊಂದು ನಿಧಾನಗತಿಯ ಕ್ರಮವೂ ನಡೆಯುತ್ತದೆ: ಗೋಡೆಯ ಕೋಶಗಳು ಆಂಫಿರೆಗ್ಯುಲಿನ್, ಎಪಿರೆಗ್ಯುಲಿನ್, ಬೀಟಾಸೆಲ್ಯುಲಿನ್ ಎಂಬ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಮಾರ್ಕೊ ಕಾಂಟಿಯವರ ಪ್ರಯೋಗಾಲಯ 2004ರಲ್ಲಿ ಇವುಗಳ ಪಾತ್ರವನ್ನು ಬಯಲಿಗೆ ತಂದಿತು. ಇವು ಕ್ಯುಮುಲಸ್ ಕೋಶಗಳ ಇಜಿಎಫ್ ಗ್ರಾಹಕವನ್ನು ತಟ್ಟುತ್ತವೆ, ಸಿಎನ್‌ಪಿಯ ಪೂರೈಕೆಯೂ ಕ್ರಮೇಣ ಇಳಿಯುತ್ತದೆ. ಅಂಡಾಣುವನ್ನು ಸುತ್ತಿದ ಕೋಶಗಳು ಹಯಲುರೊನನ್ ಎಂಬ ಲೋಳೆಯನ್ನು ಸುರಿಸಿ ಉಬ್ಬುವುದೂ ಈ ಪ್ರೋಟೀನುಗಳ ಕೆಲಸದಿಂದಲೇ.

ಕಪ್ಪೆ ಕಲಿಸಿದ್ದು, ಕಪ್ಪೆ ಕಲಿಸದಿದ್ದದ್ದು

ಚಿಲಕ ತೆಗೆದ ಮೇಲೆ ಓಡುವ ಯಂತ್ರದ ಪರಿಚಯ ನಮಗೆ ಕಪ್ಪೆಯಿಂದ ಆಯಿತು. 1971ರಲ್ಲಿ ಯೋಶಿಯೊ ಮಸೂಯಿ ಮತ್ತು ಕ್ಲೆಮೆಂಟ್ ಮಾರ್ಕರ್ಟ್ ಅಮೆರಿಕದ ಚಿರತೆಚುಕ್ಕೆ ಕಪ್ಪೆಯ ಮಾಗಿದ ಅಂಡಾಣುವಿನಿಂದ ಒಂದು ತೊಟ್ಟು ಕೋಶದ್ರವವನ್ನು ಹೀರಿ, ಮಾಗದ ಅಂಡಾಣುವಿಗೆ ಚುಚ್ಚಿದರು. ಅದು ಮಾಗಿತು. ಅದರಿಂದ ಹೀರಿ ಮತ್ತೊಂದಕ್ಕೆ ಚುಚ್ಚಿದರೂ ಮಾಗಿತು. ಹೆಪ್ಪು ಹಾಕಿದ ಹಾಲು ಮೊಸರಾಗಿ, ಆ ಮೊಸರೇ ಮುಂದಿನ ಹಾಲಿಗೆ ಹೆಪ್ಪಾದಂತೆ. ಮಾಗಿಸುವ ಈ ಅಜ್ಞಾತ ಅಂಶಕ್ಕೆ ಎಂಪಿಎಫ್ ಎಂದು ಹೆಸರಿಟ್ಟರು. ಅದನ್ನು ಶುದ್ಧರೂಪದಲ್ಲಿ ಪಡೆಯಲು 1988ರವರೆಗೆ, ಹದಿನೇಳು ವರ್ಷ ಕಾಯಬೇಕಾಯಿತು. ಲೋಕ, ಹೇಯ್ಸ್, ಮಾಲರ್ ಅದನ್ನು ಹಿಡಿದಾಗ ತಿಳಿದದ್ದು, ಎಂಪಿಎಫ್ ಎಂದರೆ ಸಿಡಿಕೆ1 ಮತ್ತು ಸೈಕ್ಲಿನ್-ಬಿ ಜೋಡಿ. ಯೀಸ್ಟಿನಿಂದ ಮನುಷ್ಯನವರೆಗೆ ಪ್ರತಿ ಕೋಶದ ವಿಭಜನೆಯನ್ನೂ ನಡೆಸುವ ಯಂತ್ರ. 2001ರ ನೊಬೆಲ್ ಹಾರ್ಟ್‌ವೆಲ್, ಹಂಟ್, ನರ್ಸ್ ಅವರಿಗೆ ಹೋಯಿತು. ಮಸೂಯಿ ಅವರಿಗೆ ಅದಕ್ಕೆ ಮೂರು ವರ್ಷ ಮೊದಲು ಲಾಸ್ಕರ್ ಪ್ರಶಸ್ತಿ ಸಿಕ್ಕಿತ್ತು, ನೊಬೆಲ್ ಸಿಗಲಿಲ್ಲ.

ಕಪ್ಪೆಯ ಪಾಠವನ್ನು ಸಸ್ತನಿಗೆ ಹಾಗೆಯೇ ಹೊದಿಸಿದ್ದರಿಂದ ಒಂದು ಗೊಂದಲವೂ ಹುಟ್ಟಿತು. ಕಪ್ಪೆಯ ಅಂಡಾಣು ತಟ್ಟೆಯಲ್ಲಿ ತಾನಾಗಿ ಮಾಗುವುದಿಲ್ಲ. ಪ್ರೊಜೆಸ್ಟರಾನ್ ಹಾಕಿದರೆ ಮಾಗುತ್ತದೆ. ಅಲ್ಲಿ ನಿಜಕ್ಕೂ ಅಪ್ಪಣೆ ಬೇಕು. ಯಂತ್ರ ಒಂದೇ ಆದರೂ ಅದನ್ನು ಓಡಿಸುವ ಬಗೆ ಬೇರೆ. ಅಪ್ಪಣೆಯ ರೂಪಕ ನಮ್ಮ ಪಠ್ಯಗಳಲ್ಲಿ ಇಷ್ಟು ಗಟ್ಟಿಯಾಗಿ ಕೂರಲು ಕಪ್ಪೆಯ ಪಾಲೂ ಇರಬಹುದು ಎಂಬುದು ನನ್ನ ಅನುಮಾನ.

ಇನ್ನೊಂದು ವಿಚಿತ್ರವಿದೆ. ಪೂರ್ಣ ಬೆಳೆದ ಅಂಡಾಣು ಹೊಸದಾಗಿ ಆರ್‌ಎನ್‌ಎ ಬರೆಯುವುದನ್ನು ನಿಲ್ಲಿಸಿಬಿಟ್ಟಿರುತ್ತದೆ. ಮಾಗಲು ಬೇಕಾದ ಪ್ರೋಟೀನುಗಳ ಆರ್‌ಎನ್‌ಎಗಳನ್ನು ಬೆಳೆಯುವ ಕಾಲದಲ್ಲೇ ಬರೆದು, ಬಾಲ ಮೊಟಕು ಮಾಡಿ, ಕಣಜದಲ್ಲಿ ಕಾಳಿಟ್ಟ ಹಾಗೆ ಕೂಡಿಟ್ಟಿರುತ್ತದೆ. ಸಿಡಿಕೆ1 ಚುರುಕಾದ ಮೇಲೆ ಸಿಪಿಇಬಿ ಎಂಬ ಪ್ರೋಟೀನಿನ ಮೂಲಕ ಆಯ್ದ ಆರ್‌ಎನ್‌ಎಗಳ ಬಾಲ ಉದ್ದವಾಗಿ ಅವುಗಳಿಂದ ಪ್ರೋಟೀನು ತಯಾರಾಗುತ್ತದೆ. ಸೈಕ್ಲಿನ್-ಬಿ1 ಮತ್ತು ಮಾಸ್ ಅವುಗಳಲ್ಲಿ ಮುಖ್ಯವಾದವು. ಕಣಜದಲ್ಲಿ ಕಾಳು ಕಡಿಮೆಯಿದ್ದರೆ ಚಿಲಕ ತೆಗೆದೂ ಪ್ರಯೋಜನವಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರಬೇಕು.

ಮೊದಲ ವಿಭಜನೆ ಮುಗಿದು ಪುಟ್ಟ ಧ್ರುವಕಾಯವೊಂದು ಅಂಚಿನಲ್ಲಿ ಕಳಚಿಕೊಂಡ ಮೇಲೆ ಅಂಡಾಣು ಎರಡನೆಯ ವಿಭಜನೆಯ ನಡುವೆ, ಎಂ-2 ಎಂದು ಕರೆಯುವ ಹಂತದಲ್ಲಿ, ಮತ್ತೆ ನಿಲ್ಲುತ್ತದೆ. ಈ ಎರಡನೆಯ ಚಿಲಕ ಮಾಸ್ ಮತ್ತು ಎಮಿ2 ಪ್ರೋಟೀನುಗಳದ್ದು. 1994ರಲ್ಲಿ ಎರಡು ಗುಂಪುಗಳು ಮಾಸ್ ಇಲ್ಲದ ಇಲಿಗಳನ್ನು ಬೆಳೆಸಿದಾಗ ಅವುಗಳ ಅಂಡಾಣುಗಳು ವೀರ್ಯಾಣುವಿಗೆ ಕಾಯದೆ ವಿಭಜನೆಗೆ ತೊಡಗಿದ್ದವು. ಸಹಜ ಅಂಡಾಣುವಿನಲ್ಲಿ ಚಿಲಕ ತೆಗೆಯುವ ಕೀಲಿಯನ್ನು ವೀರ್ಯಾಣು ಹೊತ್ತು ತರುತ್ತದೆ. ಅದು 2002ರಲ್ಲಿ ಪತ್ತೆಯಾದ ಪಿಎಲ್‌ಸಿ-ಝೀಟಾ ಎಂಬ ಪ್ರೋಟೀನು. ಒಳಹೊಕ್ಕ ಮೇಲೆ ಅದು ಕ್ಯಾಲ್ಸಿಯಂ ಅಲೆಗಳನ್ನು ಎಬ್ಬಿಸುತ್ತದೆ, ಒಂದಲ್ಲ, ಗಂಟೆಗಟ್ಟಲೆ ಒಂದರ ಹಿಂದೊಂದು. ಆ ಅಲೆಗಳಿಗೆ ಎಮಿ2 ನಾಶವಾಗುತ್ತದೆ, ಸೈಕ್ಲಿನ್-ಬಿ ಕರಗುತ್ತದೆ, ಅಂಡಾಣು ಭ್ರೂಣವಾಗುವ ಹಾದಿ ಹಿಡಿಯುತ್ತದೆ. ಗಮನಿಸಿ, ಇಲ್ಲೂ ಆದದ್ದು ತಡೆಯೊಂದರ ನಾಶವೇ. ಮೊದಲ ನಿಲುಗಡೆಯಲ್ಲಿ ಸಿಡಿಕೆ1ರ ಬಾಯಿಕಟ್ಟಿದ್ದ ವೀ1ಬಿ ಈ ಕೊನೆಯ ಹಂತದಲ್ಲಿ ಮರಳಿ ಬಂದು ಅದನ್ನು ಮತ್ತೊಮ್ಮೆ ಸುಮ್ಮನಾಗಿಸಿದರೆ ಮಾತ್ರ ಹಾದಿ ಸುಗಮ ಎಂಬುದನ್ನು 2011ರಲ್ಲಿ ಕಾಂಟಿಯವರ ಗುಂಪು ಇಲಿಗಳಲ್ಲಿ ತೋರಿಸಿತು.

ದಖ್ಖನಿ ಕುರಿಯ ಅವಳಿ ಮರಿ

ಅಂಡಾಣು ತನ್ನ ನೆರೆಯನ್ನು ತಾನೇ ರೂಪಿಸಿಕೊಳ್ಳುತ್ತದೆ ಎಂಬುದಕ್ಕೆ ಪ್ರಯೋಗಾಲಯದಾಚೆ, ಹಟ್ಟಿಯಲ್ಲೂ ಸಾಕ್ಷಿಯಿದೆ. ಉತ್ತರ ಕರ್ನಾಟಕದ ಕುರಿಗಾರರಿಗೆ ದಖ್ಖನಿ ಕುರಿಯ ಬಗ್ಗೆ ಹೇಳಬೇಕಾಗಿಲ್ಲ. ಕರಿಯ ಉಣ್ಣೆ, ಬರ ತಡೆಯುವ ಮೈ, ಈಯುವುದು ಸಾಮಾನ್ಯವಾಗಿ ಒಂದೇ ಮರಿ. ಬಂಗಾಳದ ಸುಂದರಬನದ ಗರೋಲ್ ಕುರಿ ಗಾತ್ರದಲ್ಲಿ ತೀರ ಸಣ್ಣದು, ಆದರೆ ಅವಳಿ ತ್ರಿವಳಿ ಈಯುವುದು ಅದಕ್ಕೆ ವಾಡಿಕೆ. 2001ರಲ್ಲಿ ಆಸ್ಟ್ರೇಲಿಯಾದ ಬೂರೂಲ ಮೆರಿನೊ ಕುರಿಗಳ ಹೆಚ್ಚು ಮರಿಗಳ ಗುಟ್ಟು ಬಯಲಾಯಿತು. ಬಿಎಂಪಿಆರ್1ಬಿ ಎಂಬ ಗ್ರಾಹಕ ಪ್ರೋಟೀನಿನ 249ನೆಯ ಸ್ಥಾನದಲ್ಲಿ ಗ್ಲುಟಮಿನ್ ಬದಲು ಆರ್ಜಿನಿನ್ ಕೂತಿತ್ತು, ಅಷ್ಟೇ. ಅಂಡಾಣು ಸ್ರವಿಸುವ ಬಿಎಂಪಿ15ರ ಮಾತನ್ನು ಕೇಳಿಸಿಕೊಳ್ಳುವ ಕಿವಿಗಳಲ್ಲಿ ಈ ಗ್ರಾಹಕವೂ ಒಂದು. ಮರುವರ್ಷವೇ ಅದೇ ಬದಲಾವಣೆ ಗರೋಲ್ ಕುರಿಯಲ್ಲೂ ಇರುವುದು ಪತ್ತೆಯಾಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಂಗಾಳದಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಕುರಿಗಳ ಜೊತೆ ಅದು ಸಾಗಿಹೋಯಿತೆಂಬುದು ಈಗ ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ.

ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಗರೋಲ್‌ನ ಈ ಒಂದು ವಂಶವಾಹಿಯನ್ನು ದಖ್ಖನಿ ತಳಿಗೆ ಕಸಿಮಾಡಿ ‘ನಾರಿ ಸುವರ್ಣ’ ಎಂಬ ಕುರಿಯನ್ನು ರೂಪಿಸಿದೆ. ಈ ಬದಲಾವಣೆ ಇರುವ ಕುರಿಗಳಲ್ಲಿ ಫಾಲಿಕಲ್‌ಗಳು ಸಣ್ಣ ಗಾತ್ರದಲ್ಲೇ ಬಲಿಯುತ್ತವೆ, ಹಾಗಾಗಿ ಒಂದೇ ಸಲಕ್ಕೆ ಹೆಚ್ಚು ಅಂಡಾಣುಗಳು ಹೊರಬೀಳುತ್ತವೆ. ನ್ಯೂಜಿಲೆಂಡಿನ ಇನ್ವರ್‌ಡೇಲ್ ಕುರಿಗಳ ಕಥೆ ಇನ್ನೂ ಸೋಜಿಗದ್ದು. ಅಲ್ಲಿ ಕೆಟ್ಟಿರುವುದು ಬಿಎಂಪಿ15 ವಂಶವಾಹಿಯೇ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಅವಳಿಗಳು ಹೆಚ್ಚುತ್ತವೆ, ಎರಡೂ ಕೆಟ್ಟರೆ ಕುರಿ ಬಂಜೆ. ಅಂಡಾಣುವಿನ ದನಿ ತುಸು ತಗ್ಗಿದರೆ ಫಲ ಹೆಚ್ಚು, ಪೂರ್ತಿ ಅಡಗಿದರೆ ಫಾಲಿಕಲ್ ಬೆಳೆಯುವುದೇ ಇಲ್ಲ. ಸಂಕೇತದ ಪ್ರಮಾಣಕ್ಕೆ ಇರುವ ಈ ಮಹತ್ವವನ್ನು ತಟ್ಟೆಯಲ್ಲಿ ಅಂಡಾಣು ಮಾಗಿಸಲು ಹೊರಟವರು ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತಟ್ಟೆಯ ಅವಸರ

ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯೂ ಸೇರಿದಂತೆ ಹಲವೆಡೆ ಕಸಾಯಿಖಾನೆಯ ಅಂಡಾಶಯಗಳಿಂದ ಕುರಿ, ಎಮ್ಮೆಗಳ ಅಂಡಾಣು ತೆಗೆದು ಮಾಗಿಸುವ ಕೆಲಸ ನಡೆದಿದೆ. ಕೆಲಸದ ಬಗೆ ಸರಳ. ಬೆಚ್ಚನೆಯ ಉಪ್ಪುನೀರು ತುಂಬಿದ ಥರ್ಮಾಸಿನಲ್ಲಿ ಅಂಡಾಶಯಗಳು ಬರುತ್ತವೆ. ಮೈಮೇಲೆ ಎದ್ದು ಕಾಣುವ ಗುಳ್ಳೆಗಳನ್ನು ಸಿರಿಂಜಿನಿಂದ ಹೀರಿ, ತಟ್ಟೆಗೆ ಸುರಿದು, ಕ್ಯುಮುಲಸ್ ಒತ್ತಾಗಿ ಸುತ್ತಿದ ಅಂಡಾಣುಗಳನ್ನು ಆಯ್ದುಕೊಳ್ಳಬೇಕು. ಸುಮಾರು 38.5 ಡಿಗ್ರಿ ಶಾಖ, ಗಾಳಿಯಲ್ಲಿ ಶೇ. 5 ಇಂಗಾಲದ ಡೈಆಕ್ಸೈಡ್, ಸುಮಾರು 24 ಗಂಟೆ. ಮರುದಿನ ಇನ್‌ಕ್ಯುಬೇಟರ್ ತೆರೆದು ನೋಡಿದರೆ ನಿನ್ನೆ ಬಿಗಿಯಾಗಿ ಅಂಟಿಕೊಂಡಿದ್ದ ಕೋಶಗಳು ಲೋಳೆಯಲ್ಲಿ ತೇಲುತ್ತ ಉಬ್ಬಿಕೊಂಡಿರುತ್ತವೆ. ನೀರಿನಲ್ಲಿ ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವ ಲೋಳೆಯ ಬಳೆ ನೆನಪಾಗುತ್ತದೆ. ನೋಡಿದವರಿಗೆ ಕೆಲಸ ಕೈಗೂಡಿದಂತೆಯೇ ತೋರುತ್ತದೆ.

ತೊಡಕಿರುವುದು ಕಾಣದ ಕಡೆ. ತಟ್ಟೆಗೆ ಬಿದ್ದ ಕೂಡಲೇ ಚಿಲಕ ತೆರೆದುಕೊಳ್ಳುವುದರಿಂದ ವರ್ಣತಂತುಗಳು ಓಡತೊಡಗುತ್ತವೆ, ಕೋಶದ್ರವದ ಕಣಜ ಇನ್ನೂ ತುಂಬಿರುವುದಿಲ್ಲ. ಕೋಶಕೇಂದ್ರ ಮಾಗಿತು, ಅಂಡಾಣು ಮಾಗಲಿಲ್ಲ. ರಾಬರ್ಟ್ ಎಡ್ವರ್ಡ್ಸ್ 1960ರ ದಶಕದಲ್ಲಿ ಮಾನವ ಅಂಡಾಣುಗಳನ್ನು ತಟ್ಟೆಯಲ್ಲಿ ಮಾಗಿಸಲು ಹೊರಟಾಗ, ಹನ್ನೆರಡು ಗಂಟೆ ಸಾಕೆಂಬ ಪಿಂಕಸ್‌ನ ಹಳೆಯ ಲೆಕ್ಕವನ್ನು ನಂಬಿ ನಿರಾಶನಾಗಿದ್ದ. ಒಂದು ದಿನಕ್ಕೂ ಮೀರಿ ಕಾದ ಮೇಲೆಯೇ ಫಲ ಕಂಡದ್ದು. ಆ ವರದಿ ಬಂದದ್ದು 1965ರಲ್ಲಿ. 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿದ್ದು ಮಾತ್ರ ದೇಹದ ಒಳಗೇ ಮಾಗಿದ ಅಂಡಾಣುವಿನಿಂದ. ಪ್ರಣಾಳ ಶಿಶು ಚಿಕಿತ್ಸೆ ಈಗಲೂ ಬಹುಪಾಲು ಹೀಗೆಯೇ ನಡೆಯುತ್ತದೆ. ಫಾಲಿಕಲ್‌ಗಳನ್ನು ಇಂಜೆಕ್ಷನ್‌ಗಳಿಂದ ಬೆಳೆಸಿ, ಕೊನೆಗೆ ಎಲ್‌ಎಚ್‌ನ ಕೆಲಸ ಮಾಡುವ ‘ಟ್ರಿಗರ್’ ಇಂಜೆಕ್ಷನ್ ಕೊಟ್ಟು, ಸುಮಾರು 36 ಗಂಟೆಗೆ ಅಂಡಾಣು ತೆಗೆಯುತ್ತಾರೆ. ಆ 36 ಗಂಟೆಯ ಒಳಗೆ ನಡೆಯುವುದು ಇಲ್ಲಿಯವರೆಗೆ ಹೇಳಿದ ಕಥೆಯ ಬಹುಪಾಲು.

ಚಿಲಕದ ಅರಿವಿನಿಂದ ಹುಟ್ಟಿದ ಹೊಸ ದಾರಿಯೊಂದಿದೆ. ತಟ್ಟೆಗೆ ಮೊದಲು ಸಿಎನ್‌ಪಿ ಸೇರಿಸಿ ಅಂಡಾಣುವನ್ನು ಬೇಕೆಂದೇ ನಿಲ್ಲಿಸಿಡುವುದು, ಆ ಬಿಡುವಿನಲ್ಲಿ ಕಣಜ ತುಂಬಲು ಬಿಡುವುದು, ಆಮೇಲೆ ಆಂಫಿರೆಗ್ಯುಲಿನ್ ಹಾಕಿ ಬಿಡುಗಡೆ ಮಾಡುವುದು. ಬ್ರಸೆಲ್ಸ್‌ನಲ್ಲಿ ರೂಪುಗೊಂಡ ಈ ಕ್ರಮ ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ರೋಗಿಗಳ ಮೇಲೆ ಪರೀಕ್ಷೆಗೊಳಗಾಗಿದೆ, ಅದರಿಂದ ಮಕ್ಕಳೂ ಹುಟ್ಟಿದ್ದಾರೆ. ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಇರುವ ಹೆಂಗಸರಿಗೆ ಹೆಚ್ಚಿನ ಹಾರ್ಮೋನು ಇಂಜೆಕ್ಷನ್‌ಗಳು ಅಪಾಯ ತರಬಲ್ಲವಾದ್ದರಿಂದ ಅವರಿಗೆ ಇದು ವಿಶೇಷವಾಗಿ ಹೊಂದುತ್ತದೆ. ಅಪ್ಪಣೆ ಕೊಡುವ ಬದಲು ಕಾಯಿಸಿ ಬಿಡುವ ಈ ವಿಧಾನವೇ ನನ್ನ ವಾದಕ್ಕೆ ಸಿಕ್ಕ ಅತ್ಯಂತ ಪ್ರಾಯೋಗಿಕ ಬೆಂಬಲ.

ಎಲ್ಲಿ ನಿಂತಿತು ಎಂಬ ಪ್ರಶ್ನೆ

ಕೆಲವು ಹೆಂಗಸರಲ್ಲಿ ಎಷ್ಟು ಸಲ ಅಂಡಾಣು ತೆಗೆದರೂ ಎಲ್ಲವೂ ಒಂದೇ ಹಂತದಲ್ಲಿ ಸಿಕ್ಕಿಕೊಂಡಿರುತ್ತವೆ. ಇದರ ಕಾರಣಗಳು ಈಚಿನ ಹತ್ತು ವರ್ಷಗಳಲ್ಲಿ ಒಂದೊಂದಾಗಿ ಗೊತ್ತಾಗಿವೆ. ಜಿವಿ ಹಂತದಲ್ಲೇ ನಿಂತವುಗಳಲ್ಲಿ ಕೆಲವಕ್ಕೆ ಪಿಎಟಿಎಲ್2 ವಂಶವಾಹಿಯ ದೋಷ ಕಾರಣ. ಇದು ಕಣಜದ ಆರ್‌ಎನ್‌ಎ ಕಾಯುವ ಪ್ರೋಟೀನು. ಮೊದಲ ವಿಭಜನೆಯ ನಡುವೆ, ಎಂ-1 ಎಂಬ ಹಂತದಲ್ಲಿ, ನಿಂತವುಗಳಲ್ಲಿ ಟಿಯುಬಿಬಿ8, ಅಂದರೆ ವರ್ಣತಂತುಗಳನ್ನು ಎಳೆಯುವ ನೂಲುಗಳ ಪ್ರೋಟೀನು, ಕೆಟ್ಟಿರುವುದು 2016ರಲ್ಲಿ ಪತ್ತೆಯಾಯಿತು. ನೋಡಲು ಪೂರ್ತಿ ಮಾಗಿದಂತಿದ್ದು ವೀರ್ಯಾಣು ಚುಚ್ಚಿದರೂ ಮುಂದುವರಿಯದವುಗಳಲ್ಲಿ ಕೆಲವಕ್ಕೆ ವೀ2 ಎಂಬ ವಂಶವಾಹಿಯ ದೋಷವಿರುವುದು 2018ರಲ್ಲಿ ತಿಳಿಯಿತು. ಮೇಲೆ ಎರಡು ಬಾರಿ ಭೇಟಿಯಾದ ವೀ1ಬಿ ಪ್ರೋಟೀನನ್ನು ಮನುಷ್ಯರಲ್ಲಿ ಬರೆಯುವ ವಂಶವಾಹಿ ಇದು. ದೋಷ ವೀರ್ಯಾಣುವಿನ ಪಿಎಲ್‌ಸಿ-ಝೀಟಾದಲ್ಲಿದ್ದರೆ ಅಂಡಾಣುವಿನೊಳಗೆ ಕ್ಯಾಲ್ಸಿಯಂ ಏರಿಸುವ ಅಯೊನೊಫೋರ್ ಎಂಬ ರಾಸಾಯನಿಕ ಬಳಸಿ ಕೆಲವೊಮ್ಮೆ ದಾಟಬಹುದು. ವೀ2 ದೋಷಕ್ಕೆ ಅದರಿಂದ ಉಪಯೋಗವಿಲ್ಲ, ಏಕೆಂದರೆ ಅಲ್ಲಿ ಕೊರತೆ ಇರುವುದು ಅಲೆಯದಲ್ಲ, ಅಲೆಯ ನಂತರದ್ದು.

ಪಿಎಟಿಎಲ್2 ಮತ್ತು ವೀ2 ದೋಷಗಳು ಎರಡೂ ಪ್ರತಿಗಳು ಕೆಟ್ಟಾಗಲೇ ಕಾಣಿಸಿಕೊಳ್ಳುವಂಥವು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದೊಳಗೆ ಮದುವೆ ರೂಢಿಯಲ್ಲಿರುವ ನಮ್ಮ ನಾಡಿನಲ್ಲಿ ಇಂಥವನ್ನು ಹುಡುಕಲು ಬೇರೆಡೆಗಿಂತ ಹೆಚ್ಚಿನ ಕಾರಣವಿದೆ. ಆದರೆ ಬಂಜೆತನ ಚಿಕಿತ್ಸೆ ವಿಫಲವಾದ ದಂಪತಿಗಳ ಕೈಯಲ್ಲಿರುವ ಕಡತಗಳಲ್ಲಿ ಬಹಳ ಸಲ ಕಾಣುವುದು ‘ಅಂಡಾಣುವಿನ ಗುಣಮಟ್ಟ ಕಳಪೆ’ ಎಂಬ ಒಂದೇ ಸಾಲು. ಆ ಸಾಲು ಹೆಂಗಸಿಗೆ ನೋವು ಕೊಡುತ್ತದೆ, ಮುಂದಿನ ವೈದ್ಯರಿಗೆ ಏನನ್ನೂ ಹೇಳುವುದಿಲ್ಲ. ಎಷ್ಟು ಅಂಡಾಣು ಸಿಕ್ಕಿತು, ಟ್ರಿಗರ್ ಕೊಟ್ಟ ಎಷ್ಟು ಗಂಟೆಗೆ ತೆಗೆದದ್ದು, ಜಿವಿಯಲ್ಲಿ ನಿಂತದ್ದೆಷ್ಟು, ಎಂ-1ರಲ್ಲಿ ಎಷ್ಟು, ಎಂ-2ರಲ್ಲಿ ಎಷ್ಟು, ಮದುವೆ ಸಂಬಂಧದೊಳಗಿನದೇ: ಭ್ರೂಣಶಾಸ್ತ್ರಜ್ಞರು ಇಷ್ಟನ್ನು ತಪ್ಪದೆ ಬರೆದು ರೋಗಿಯ ಕೈಗೆ ಕೊಡಬೇಕು. ಕೊಡದಿದ್ದರೆ ದಂಪತಿಗಳು ಕೇಳಿ ಪಡೆಯಬೇಕು.